ಸಣ್ಣ ಅಳತೆಯ ಬಳೆ

ಹೊಂಬಳದ ಹೆಂಗಸರು ಡಾಕ್ಟರ ಮುಂದೆ ಬಾಯಿಬಿಡದ ಮಾತನ್ನೂ ಖೈರುನಬಿಯ ಮುಂದೆ ಆಡುತ್ತಾರೆ. ಬೆಟಗೇರಿಯಿಂದ ಬಳೆಯ ಪೆಟ್ಟಿಗೆ ಹೊತ್ತು ಮುಂಜಾನೆಯ ಬಸ್ಸಿಗೆ ಬರುವ ಖೈರುನಬಿ ಕೈ ಹಿಡಿದು, ಬೆರಳ ಗೆಣ್ಣು ಮೆತ್ತಗೆ ಒತ್ತಿ ಒಂದು ಡಜನ್ ಬಳೆ ಏರಿಸುವಷ್ಟರಲ್ಲಿ ಅತ್ತೆಯ ಕಾಟ, ಸೊಂಟದ ನೋವು, ಎಮ್ಮೆ ಹಾಲು ಕಡಿಮೆ ಮಾಡಿದ್ದು ಎಲ್ಲ ಹೊರಗೆ ಬರುತ್ತದೆ. ಇಪ್ಪತ್ತೈದು ವರ್ಷದ ವ್ಯಾಪಾರ. ಯಾರ ಕೈಗೆ ಯಾವ ಅಳತೆ ಎಂಬುದು ಅವಳಿಗೆ ಕಣ್ಣುಮುಚ್ಚಿದರೂ ಗೊತ್ತು.

ಅವತ್ತು ಗೋಣೆಪ್ಪನ ಮನೆಯಲ್ಲಿ ಮಗಳು ಭಾಗ್ಯಾಳ ಕುಬಸ, ಅಂದರೆ ಸೀಮಂತ. ಚೊಚ್ಚಲ ಬಸುರಿ, ಏಳು ತಿಂಗಳು. ಭಾಗ್ಯಾಳ ಎರಡೂ ಕೈಗೆ ಹಸಿರು ಬಳೆ ಇಟ್ಟಾದ ಮೇಲೆ ಅವಳ ತಾಯಿ ಅಮೃತವ್ವ ಮುಂದೆ ಬಂದು, ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಕುಳಿತಳು.

"ಕುಬಸ ಯಾರದ್ರೆವಾ? ಮಗಳದೋ ಅವ್ವಂದೋ?" ಎಂದು ಹಿಂದಿನಿಂದ ಯಾರೋ ಛೇಡಿಸಿದರು. ಮನೆ ತುಂಬ ನಗು. ಐವತ್ತಾರು ವರ್ಷದ, ಮುಟ್ಟು ನಿಂತು ಐದು ವರ್ಷವಾದ ಅಮೃತವ್ವಳೂ ನಕ್ಕಳು.

"ಗ್ಯಾಸ್ ಆಗೈತಿ. ಎರಡು ತಿಂಗಳಾತು, ಉಬ್ಬಿದ ಹೊಟ್ಟಿ ಇಳೀವಲ್ದು. ಅರ್ಧ ರೊಟ್ಟಿ ತಿಂದ್ರ ಗಂಟಲಮಟ ತುಂಬಿದಂಗ ಆಗ್ತೈತಿ. ಮ್ಯಾಲಿಂದ ಮ್ಯಾಲೆ ಮೂತ್ರಕ್ಕ ಏಳೂದು. ಇವರು ದಿನಾ ಅಜವಾನ ತಿನಿಸಾಕ ಹತ್ಯಾರ, ಏನೂ ಉಪಯೋಗಿಲ್ಲ."

ಖೈರುನಬಿ ಅವಳ ಕೈ ಹಿಡಿದಳು. ಅಮೃತವ್ವಳದು ಎರಡೂವರೆ ಅಳತೆ. ಸೋಪು ಹಚ್ಚಿ, ನಾಲ್ಕು ಬೈಗುಳ ತಿಂದು ಏರಿಸಬೇಕಾದ ಬಳೆ. ಇವತ್ತು ಒತ್ತುವ ಮೊದಲೇ ಸರ್ರನೆ ಒಳಗೆ ಹೋಯಿತು, ಕೈ ಇಳಿಬಿಟ್ಟರೆ ಸರ್ರನೆ ಜಾರಿ ಗೆಣ್ಣಿಗೆ ಬಂದು ನಿಂತಿತು. ಖೈರುನಬಿ ಏರಿಸುವುದನ್ನು ಅಲ್ಲಿಗೇ ನಿಲ್ಲಿಸಿದಳು.

"ಕೈ ಸಣ್ಣ ಆಗ್ಯಾವ. ಎರಡೂಕಾಲು ಅಳತೀವು ಇಡು," ಎಂದಳು ಅಮೃತವ್ವ.

"ಇಡೂದಿಲ್ಲ."

ಬಳೆ ಕೊಳ್ಳುವವರು ಬೇಡ ಎಂದದ್ದುಂಟು. ಮಾರುವವಳೇ ಬೇಡ ಎಂದದ್ದನ್ನು ಊರು ಕಂಡಿರಲಿಲ್ಲ.

"ಲಕ್ಷ್ಮೇಶ್ವರದಾಗ ನಮ್ಮಕ್ಕ ಮುಮ್ತಾಜ ಇದ್ಲು," ಎಂದಳು ಖೈರುನಬಿ. "ಹಿಂಗ ಬಳಿ ಸಡ್ಲ ಆದ್ವು, ಹಿಂಗ ಹೊಟ್ಟಿ ಬಂತು. ವಯಸ್ಸಾತು ಅಂತ ನಕ್ಕೆ. ಸಣ್ಣ ಅಳತಿ ಬಳಿ ಇಟ್ಟು ಸುಮ್ನಾದೆ. ದವಾಖಾನಿ ಮುಟ್ಟೂದ್ರಾಗ ಅಂಡಾಶಯದ ಕ್ಯಾನ್ಸರ್ ಎಲ್ಲಾ ಕಡೆ ಹಬ್ಬಿತ್ತು. ಆ ಸಣ್ಣ ಬಳಿ ಇಟ್ಟಾಕಿ ನಾನ. ಇನ್ನೊಮ್ಮೆ ಇಡೂದಿಲ್ಲ. ನಾಳೆ ಗದಗಕ್ಕ ನಡಿ. ಮುಮ್ತಾಜನ ಮಗಳು ಫರ್ಹಾನಾ ಅಲ್ಲೇ ಸರಕಾರಿ ದವಾಖಾನ್ಯಾಗ ನರ್ಸ್ ಅದಾಳ."

ಬಾಗಿಲಲ್ಲಿ ನಿಂತಿದ್ದ ಗೋಣೆಪ್ಪ ಹುಬ್ಬೇರಿಸಿದ. "ಗ್ಯಾಸಿಗೆ ಯಾರರ ಗದಗಕ್ಕ ಹೋಗ್ತಾರೇನು?"

"ಮಗಳ ಬಾಣಂತನ ಮುಗೀಲಿ, ಆಮ್ಯಾಲೆ ನೋಡೂಣು," ಎಂದು ಅಮೃತವ್ವಳೂ ರಾಗ ತೆಗೆದಳು.

ಖೈರುನಬಿ ಪೆಟ್ಟಿಗೆಯ ಮುಚ್ಚಳ ಬಡಿದಳು. "ಶರ್ತು! ಸ್ಕ್ಯಾನಿಂಗಿನ್ಯಾಗ ಏನೂ ಇಲ್ಲ ಅಂದ್ರ ಇಲ್ಲಿ ಕುಂತವರಿಗೆಲ್ಲ ಒಂದೊಂದು ಡಜನ್ ಪುಕ್ಕಟ ಇಡ್ತೀನಿ!"

ಇನ್ನು ಕೇಳಬೇಕೆ? "ಹೋಗ ಬೇ ಅಮೃತವ್ವ! ನಮ್ಮ ಬಳಿ ಸಲುವಾಗಿಯರ ಹೋಗು!" ಎಂದು ಹೆಂಗಸರೆಲ್ಲ ಗಂಟುಬಿದ್ದರು. ಮರುದಿನ ಮುಂಜಾನೆ ಗಂಡ ಹೆಂಡತಿ ಇಬ್ಬರನ್ನೂ ಬಸ್ಸು ಹತ್ತಿಸಿಯೇ ಅವರು ಮನೆಗೆ ಹೋದದ್ದು.

ಗದಗಿನಲ್ಲಿ ಫರ್ಹಾನಾ ಅಮೃತವ್ವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೇಳಿದಳು: "ಯವ್ವಾ, ಗರ್ಭಚೀಲದ ಎರಡೂ ಬಾಜೂಕ ಬಾದಾಮಿಯಷ್ಟು ಅಂಡಾಶಯ ಇರ್ತಾವ್ರಿ. ಅಲ್ಲಿ ಗಡ್ಡಿ ಆದ್ರ ಜಲ್ದಿ ಗೊತ್ತಾಗೂದಿಲ್ಲ. ಹೊಟ್ಟಿ ಉಬ್ಬೂದು, ಸ್ವಲ್ಪ ತಿಂದ್ರ ಸಾಕನಸೂದು, ಕಿಬ್ಬೊಟ್ಟಿ ನೋವು, ಮ್ಯಾಲಿಂದ ಮ್ಯಾಲೆ ಮೂತ್ರ. ಇವೆಲ್ಲಾ ಗ್ಯಾಸಿನಂಗ ಕಾಣ್ತಾವ. ಎಲ್ಲಾ ಹೊಟ್ಟಿ ಉಬ್ಬರಾನೂ ಕ್ಯಾನ್ಸರ್ ಅಲ್ರಿ, ಅಂಜಬ್ಯಾಡ್ರಿ. ಆದ್ರ ಎರಡು ಮೂರು ವಾರ ದಿನಾ ಹಂಗ ಇದ್ರ ತೋರಸಬೇಕು."

ಸ್ಕ್ಯಾನಿಂಗ್‌ನಲ್ಲಿ ಎಡಗಡೆಯ ಅಂಡಾಶಯದಲ್ಲಿ ಗಡ್ಡೆ ಕಂಡಿತು, ಹೊಟ್ಟೆಯಲ್ಲಿ ನೀರು ಕಂಡಿತು. ರಕ್ತ ತಪಾಸಣೆಯಾಯಿತು, ದೊಡ್ಡ ಸ್ಕ್ಯಾನಿಂಗ್ ಆಯಿತು. ಇದು ಕ್ಯಾನ್ಸರ್ ಇರಬಹುದು, ಕ್ಯಾನ್ಸರ್ ಆಪರೇಷನ್ ಮಾಡುವ ಡಾಕ್ಟರೇ ಬೇಕು ಎಂದು ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು. ಖೈರುನಬಿ ಶರ್ತು ಗೆದ್ದಿದ್ದಳು. ಇಂಥ ಗೆಲುವು ಯಾರಿಗೆ ಬೇಕಾಗಿತ್ತು ಎಂದು ಕಣ್ಣೊರೆಸಿಕೊಂಡಳು.

ಗೋಣೆಪ್ಪ ಬೆಂಚಿನ ಮೇಲೆ ಕುಸಿದು ಕುಳಿತ. "ಇದು ಹತ್ತಿಕೊಳ್ಳೂ ಜಡ್ಡೇನ್ರಿ ನರ್ಸಮ್ಮಾ? ಕತ್ತರಿ ತಾಗಿದ್ರ ಇನ್ನೂ ಹಬ್ಬತೈತಿ ಅಂತಾರಲ್ರಿ?"

"ಹತ್ತಿಕೊಳ್ಳೂದಿಲ್ರಿ. ಆಪರೇಷನ್ ಮಾಡಿದ್ದಕ್ಕ ಹಬ್ಬೂದೂ ಇಲ್ರಿ. ಗಡ್ಡಿ ತಗದು, ಆಮ್ಯಾಲೆ ಉಳಿದ ಬೇರಿಗೆ ಸಲೈನಿನ್ಯಾಗ ಔಷಧ ಕೊಡ್ತಾರ. ಎಲ್ಲಾರಿಗೂ ಪೂರ್ತಿ ವಾಸಿ ಆಗ್ತೈತಿ ಅಂತ ಸುಳ್ಳು ಹೇಳೂದಿಲ್ರಿ ನಾ. ಜಲ್ದಿ ಸಿಕ್ಕಷ್ಟೂ ಚಲೋ. ರೇಷನ್ ಕಾರ್ಡ್ ತಗೊಂಡು ಹೋಗ್ರಿ, ಸರಕಾರದ ಯೋಜನ್ಯಾಗ ಆಗ್ತೈತೇನು ಅಲ್ಲೇ ಕೇಳ್ರಿ."

ಹುಬ್ಬಳ್ಳಿಯಲ್ಲಿ ಎಲ್ಲ ಸರಿಹೋಗಿತ್ತು, ಆಪರೇಷನ್ ದಿನದ ಮುಂಜಾನೆಯವರೆಗೆ. ಬಳೆ ತೆಗೆಯಬೇಕು ಎಂದರು ನರ್ಸ್. ಅಮೃತವ್ವ ಎರಡೂ ಕೈ ಸೆರಗಿನೊಳಗೆ ಬಚ್ಚಿಟ್ಟಳು.

"ಗಂಡ ಎದುರಿಗೆ ಕುಂತಾನ. ನಾ ಬರಿಗೈ ಮಾಡ್ಕೊಳ್ಳಲಾ? ನನಗ ಆಪರೇಷನ್ ಬ್ಯಾಡ. ಊರಿಗೆ ನಡೀರಿ."

ಡಾಕ್ಟರು ಬಂದು ಹೇಳಿದರು. ಭಾಗ್ಯಾ ಫೋನಿನಲ್ಲಿ ಅತ್ತಳು. ಅಮೃತವ್ವ ಜಗ್ಗಲಿಲ್ಲ. ಕೊನೆಗೆ ಜೊತೆಗೆ ಬಂದಿದ್ದ ಖೈರುನಬಿ ಅವಳೆದುರು ಚಕ್ಕಳಮಕ್ಕಳ ಹಾಕಿ ಕುಳಿತಳು, ಹೊಂಬಳದ ಕಟ್ಟೆಯ ಮೇಲೆ ಕುಳಿತುಕೊಳ್ಳುವ ಹಾಗೆಯೇ.

"ಕೈ ಕೊಡು. ಹೊಸಾ ಬಳಿ ಇಡೂಮುಂದ ಹಳೇವು ತೆಗೀತೀನೋ ಇಲ್ಲೋ? ಇಪ್ಪತ್ತೈದು ವರ್ಷ ತಗದೇನಿ. ಗೋಣೆಪ್ಪಣ್ಣಗ ಏನರ ಆಗೈತೇನು? ಕಲ್ಲಿನಂಗ ಕುಂತಾನ ನೋಡು. ಇಟ್ಟಾಕಿ ನಾ, ತೆಗ್ಯಾಕಿ ನಾ. ತಿರಗಿ ಇಡಾಕೂ ನಾನ ಬರ್ತೀನಿ."

ಅಷ್ಟು ಹೊತ್ತು ನೆಲ ನೋಡುತ್ತಿದ್ದ ಗೋಣೆಪ್ಪ ತಲೆ ಎತ್ತಿದ. "ತೆಗಸು ಅಮೃತಾ. ನನ್ನ ಆಯುಷ್ಯ ಆ ಬಳ್ಯಾಗ ಇಲ್ಲ. ನೀ ಇದ್ರ ಐತಿ."

ಮೂವತ್ತಾರು ವರ್ಷದ ಸಂಸಾರದಲ್ಲಿ ಅವನು ಇಂಥ ಮಾತು ಆಡಿದ್ದು ಅದೇ ಮೊದಲು. ಅಮೃತವ್ವ ಅಳುತ್ತಲೇ ಕೈ ಚಾಚಿದಳು. ಕೈಯಲ್ಲಿದ್ದ ಎರಡೂವರೆ ಅಳತೆಯ ಹಳೆಯ ಹನ್ನೆರಡು ಬಳೆಗಳೂ ಸೋಪಿಲ್ಲದೆ ಜಾರಿ ಬಂದವು. ಖೈರುನಬಿ ಅವನ್ನು ದಾರಕ್ಕೆ ಪೋಣಿಸಿ ಗಂಟು ಹಾಕಿದಳು. ನರ್ಸ್ ಹೆಸರು ಬರೆದ ಪಟ್ಟಿಯನ್ನು ಅಮೃತವ್ವಳ ಮಣಿಕಟ್ಟಿಗೆ ಸುತ್ತಿದಾಗ, "ನೋಡು, ಇದೊಂದು ಬಳಿ ಪುಕ್ಕಟ," ಎಂದಳು ಖೈರುನಬಿ. ಅಮೃತವ್ವ ನಗುತ್ತಲೇ ಒಳಗೆ ಹೋದಳು.

ಗಡ್ಡೆಯ ಜೊತೆ ಗರ್ಭಚೀಲ, ಎರಡೂ ಅಂಡಾಶಯ ತೆಗೆದರು. ತೆಗೆದದ್ದನ್ನು ತಪಾಸಣೆ ಮಾಡಿ ಕ್ಯಾನ್ಸರ್ ಎಂದೇ ಹೇಳಿದರು. ಮುಂದೆ ಮೂರು ವಾರಕ್ಕೊಮ್ಮೆ ಔಷಧದ ಸಲೈನು, ಒಟ್ಟು ಆರು ಸಲ. ವಾಂತಿಯಾಯಿತು, ಕೂದಲು ಉದುರಿತು. ಗೋಣೆಪ್ಪ ತನ್ನ ರುಮಾಲನ್ನೇ ಅವಳ ತಲೆಗೆ ಸುತ್ತಿ, "ಈಗ ಗೌಡ್ತಿ ಅಲ್ಲ, ಗೌಡನ ಆದಿ ನೋಡು," ಎಂದು ನಗಿಸಿದ. ಈ ನಡುವೆ ಭಾಗ್ಯಾಳಿಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತನಕ್ಕೆ ಅವಳ ಅತ್ತೆ ತಾವೇ ಕೊರ್ಲಹಳ್ಳಿಯಿಂದ ಬಂದು ನಿಂತರು. ನೀರು ಕಾಯಿಸುವ ಕೆಲಸ ಗೋಣೆಪ್ಪನ ಪಾಲಿಗೆ ಬಂತು. ಬೀಗಿತ್ತಿಯ ಕೈಯಲ್ಲಿ ದಿನಾ ಬೈಸಿಕೊಂಡು, ಚೆನ್ನಾಗಿಯೇ ಮಾಡಿದ.

ಔಷಧ ಮುಗಿದ ಮೇಲೆ ಡಾಕ್ಟರು ಹೇಳಿದರು: "ಸದ್ಯ ಜಡ್ಡು ಎಲ್ಲೂ ಕಾಣ್ತಿಲ್ಲ. ಆದರೆ ಮೂರು ತಿಂಗಳಿಗೊಮ್ಮೆ ತಪ್ಪದೆ ಬಂದು ತೋರಿಸಬೇಕು."

ಮತ್ತೆ ನಾಲ್ಕು ತಿಂಗಳಿಗೆ, ಹೊಂಬಳದಲ್ಲಿ ಗೋಣೆಪ್ಪನ ಮನೆಯ ಕಟ್ಟೆಯ ಮೇಲೆ ಖೈರುನಬಿ ದಾರದ ಗಂಟು ಬಿಚ್ಚಿದಳು. ಅವೇ ಹನ್ನೆರಡು ಬಳೆ. ಮೊದಲನೆಯದು ಗೆಣ್ಣಿನಲ್ಲೇ ಸಿಕ್ಕಿಕೊಂಡಿತು. ಒತ್ತಿದಳು. ಹೋಗಲಿಲ್ಲ.

"ಅಯ್ಯಯ್ಯೋ! ಕೈ ಮುರೀತೀಯೇನ ಬೇ! ಬಳಿ ಇಡಾಕ ಬಂದೀಯೋ ಜೀವ ತೆಗ್ಯಾಕ ಬಂದೀಯೋ?" ಎಂದು ಅಮೃತವ್ವ ಊರಿಗೆಲ್ಲ ಕೇಳುವ ಹಾಗೆ ಬೈದಳು.

ಖೈರುನಬಿಗೆ ಅಳು ನಗು ಒಟ್ಟಿಗೇ ಬಂತು. "ಬೈ ಯವ್ವಾ, ಬೈ. ಇನ್ನೊಂದೀಟು ಬೈ," ಎಂದು, "ಭಾಗ್ಯಾ, ಸೋಪು ತಾ!" ಎಂದು ಕೂಗಿದಳು.

ಇದನ್ನು ಓದುತ್ತಿರುವ ಅವ್ವಂದಿರೇ, ಅಕ್ಕ ತಂಗಿಯರೇ, ಕೈಯಲ್ಲಿ ಬಳೆ ಸಡಿಲಾಗಿ, ನಡುವಿನಲ್ಲಿ ಸೀರೆಯ ಗಂಟು ಬಿಗಿಯಾಗುತ್ತಿದ್ದರೆ ಸಣ್ಣ ಬಳೆ ಕೇಳಬೇಡಿ. ಡಾಕ್ಟರನ್ನು ಕಾಣಿ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಒಂದು ದಿನವೂ ತಡಮಾಡಬೇಡಿ. ನಿಮ್ಮ ತಾಯಿಗೋ ಅಕ್ಕತಂಗಿಗೋ ಅಂಡಾಶಯದ ಇಲ್ಲವೇ ಸ್ತನದ ಕ್ಯಾನ್ಸರ್ ಆಗಿದ್ದರೆ ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಇನ್ನು ಮನೆಯ ಗಂಡಸರೇ, ಅಜವಾನದ ಡಬ್ಬಿ ಆಮೇಲೆ ಹುಡುಕಿರಿ. ಮೊದಲು ದವಾಖಾನೆಗೆ ಹೋಗುವ ಬಸ್ಸು ಎಷ್ಟು ಗಂಟೆಗಿದೆ ನೋಡಿರಿ.