ಮೂರನೇ ಚಾರ್ಟ್

ಗಣಿತ ಶಿಕ್ಷಕರ ಸಂಘಕ್ಕೆ ನಾನು ಸೇರಿದ್ದು ಬೇರೆ ಯಾರೂ ಒಪ್ಪಲಿಲ್ಲ ಎಂಬ ಒಂದೇ ಕಾರಣಕ್ಕೆ. ಶಾಲೆಯಿಂದ ಒಬ್ಬರಾದರೂ ಸದಸ್ಯರಿರಬೇಕು ಎಂದು ಹೆಡ್‌ಮಿಸ್ ಹೇಳಿದಾಗ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಊಟದ ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿ ಮುಳುಗಿಹೋದರು. ನನ್ನ ಡಬ್ಬಿ ಆಗಲೇ ಖಾಲಿಯಾಗಿತ್ತು, ಸಿಕ್ಕಿಬಿದ್ದೆ.

ಎರಡು ಸಭೆಗಳಲ್ಲಿ ಕೊನೇ ಸಾಲಿನಲ್ಲಿ ಕೂತು, ಬಾಯಿ ಬಿಡದೆ ಎದ್ದುಬಂದೆ. ಎರಡನೆಯದರ ಕೊನೆಯಲ್ಲಿ ಕಾರ್ಯದರ್ಶಿ ನನ್ನನ್ನು ಹಿಡಿದರು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಡದೆ ಒಂದು ಮಾತನ್ನೂ ಆಡದ ಮನುಷ್ಯ ಅವರು, ಅದಕ್ಕೇ ಎಲ್ಲರೂ ಗಡಿಯಾರ ಸರ್ ಎನ್ನುತ್ತಿದ್ದರು.

"ಮುಂದಿನ ಸಲ ನೀವೇ ಮಾತಾಡಿ ಮೇಡಂ. ಹದಿನೈದು ನಿಮಿಷ. ಭಿನ್ನರಾಶೀಲಿ ಮಕ್ಕಳು ಮಾಡೋ ತಪ್ಪುಗಳು."

"ಸರ್, ನಂಗೆ ದೊಡ್ಡೋರ ಮುಂದೆ ಮಾತಾಡಿ ಅಭ್ಯಾಸ ಇಲ್ಲ."

"ಇಲ್ಲಿ ಯಾರಿಗಿದೆ? ಎಲ್ಲರೂ ಮಕ್ಕಳ ಮುಂದೇನೇ ಮಾತಾಡೋರು."

ಸಂಘದಲ್ಲಿ ಒಂದು ಪದ್ಧತಿಯಿತ್ತು. ಯಾರಾದರೂ "ಇದು ತಪ್ಪು" ಎಂದರೆ ಅದನ್ನು ಹಾಗೇ ಒಪ್ಪುವಂತಿಲ್ಲ. ಎರಡು ನಿಮಿಷ ಯಾರೂ ಮಾತಾಡದೆ, ತಮ್ಮ ತಮ್ಮ ಕಾಗದದ ಮೇಲೆ ಮಾಡಿ ನೋಡಬೇಕು. ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಆ ಎರಡು ನಿಮಿಷ.

ಐದು ತಪ್ಪು ಆರಿಸಿ, ಐದು ಚಾರ್ಟ್ ಬರೆದು, ಮೇಲೆ ದಪ್ಪಗೆ ನಂಬರ್ ಹಾಕಿದೆ. ಮೂರನೆಯದು ನನ್ನ ತರಗತಿಯ ಕಿಟಕಿ ಪಕ್ಕದ ಹುಡುಗಿಯದು. ಅವಳು ಭಿನ್ನರಾಶಿ ಭಾಗಿಸುವಾಗ ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸುವ ಗೋಜಿಗೇ ಹೋಗಿರಲಿಲ್ಲ. 8/15 ÷ 2/5 ಎಂದು ಕೊಟ್ಟರೆ, ಮೇಲಿನದಕ್ಕೆ ಮೇಲಿನದು, ಎಂಟನ್ನು ಎರಡರಿಂದ ಭಾಗಿಸಿ ನಾಲ್ಕು, ಕೆಳಗಿನದಕ್ಕೆ ಕೆಳಗಿನದು, ಹದಿನೈದನ್ನು ಐದರಿಂದ ಭಾಗಿಸಿ ಮೂರು, ಉತ್ತರ 4/3. ಐದು ಲೆಕ್ಕವನ್ನೂ ಹೀಗೇ ಮಾಡಿದ್ದಳು. ನಾನು ಹತ್ತಕ್ಕೆ ಸೊನ್ನೆ ಕೊಟ್ಟು, "ಉತ್ತರ ಹೇಗೋ ಬಂದಿದೆ, ವಿಧಾನ ತಪ್ಪು" ಎಂದು ಕೆಂಪು ಇಂಕಿನಲ್ಲಿ ಬರೆದಿದ್ದೆ. ಅಷ್ಟಕ್ಕೇ ಬಿಡದೆ ಅವಳಮ್ಮನನ್ನೂ ಕರೆಸಿದ್ದೆ.

ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು. ಕೆಲಸದ ಮಧ್ಯೆಯೇ ಓಡಿಬಂದು ಬಾಗಿಲಲ್ಲೇ ನಿಂತರು. "ಮನೇಲಿ ಹೇಳಿಕೊಡೋರು ಯಾರೂ ಇಲ್ಲ ಮೇಡಂ. ಅವಳೇ ಕೂತ್ಕೊಂಡು ಏನೋ ಮಾಡ್ಕೋತಾಳೆ," ಎಂದರು. ನಾನು ದೊಡ್ಡ ಮನಸ್ಸು ಮಾಡಿದವಳ ಹಾಗೆ, "ಸ್ವಂತ ಬುದ್ಧಿ ಓಡಿಸಬೇಡ ಅಂತ ಹೇಳಿ," ಎಂದಿದ್ದೆ. ಮುಂದಿನ ಅವಧಿಗೆ ಕೆಳಗಿನ ವಿಭಾಗಕ್ಕೆ ಹಾಕುವವರ ಪಟ್ಟಿಯಲ್ಲಿ ಅವಳನ್ನೂ ಸೇರಿಸಿದ್ದೆ. ಅಲ್ಲಿಗೆ ಹೋದವರು ಬೀಜಗಣಿತದ ಮುಖ ನೋಡುವುದಿಲ್ಲ. ಪಟ್ಟಿ ಸೋಮವಾರ ಹೆಡ್‌ಮಿಸ್ ಕೈ ಸೇರಬೇಕಿತ್ತು.

ಸಭೆ ಶನಿವಾರ ಮಧ್ಯಾಹ್ನ. ಬೆಳಿಗ್ಗೆ ಅತ್ತೆಯನ್ನು ಕೂರಿಸಿಕೊಂಡು ಅಭ್ಯಾಸ ಮಾಡಿದೆ. ಮೂವತ್ತು ವರ್ಷ ಹೊಲಿಗೆ ಮಾಡಿದವರು, ಈಗಲೂ ಕೊರಳಲ್ಲಿ ಅಳತೆಯ ಟೇಪು. ಒಂದು, ಎರಡು ಚಾರ್ಟ್ ಮುಗಿಯಿತು. ಮೂರನೆಯದಕ್ಕೆ ಅವರು ಕನ್ನಡಕ ಏರಿಸಿದರು.

"ನಿನ್ನ ರೀತೀಲಿ ಮಾಡಿದ್ರೆ ಎಷ್ಟು ಬರತ್ತೆ?"

"ಒಂದು, ಮತ್ತೆ ಮೂರನೇ ಒಂದು ಅತ್ತೆ. ಅಂದ್ರೆ, ನಾಲ್ಕು ಬೈ ಮೂರು."

"ಆ ಮಗೂಗೂ ಅಷ್ಟೇ ಬಂದಿದೆ. ಮತ್ತೆ ತಪ್ಪೇನು?"

"ಐದು ಲೆಕ್ಕದಲ್ಲೂ ಹಾಗೇ ಬಂದಿದೆ, ಆದ್ರೆ ಅದು ಆಕಸ್ಮಿಕ ಅತ್ತೆ. ಆ ರೀತಿ ಮಾಡೋ ಹಾಗಿಲ್ಲ."

"ಐದಕ್ಕೆ ಐದೂ ಆಕಸ್ಮಿಕಾನಾ?" ಎಂದು ಅವರು ಸೂಜಿಗೆ ದಾರ ಪೋಣಿಸತೊಡಗಿದರು.

ಬಸ್ಸಿನಲ್ಲಿ ಚಾರ್ಟುಗಳ ಸುರುಳಿಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಟಿಕೆಟಿನ ಹಿಂಬದಿಯಲ್ಲಿ ಸರಿಯಾಗಿ ಭಾಗವಾಗದ ಅಂಕಿಗಳನ್ನೇ ಬೇಕೆಂದು ಆರಿಸಿಕೊಂಡೆ. 3/4 ÷ 2/5. ಹುಡುಗಿಯ ರೀತಿ: ಮೇಲೆ ಒಂದೂವರೆ, ಕೆಳಗೆ 4/5. ಒಂದೂವರೆಯನ್ನು 4/5ರಿಂದ ಭಾಗಿಸಿದರೆ 15/8. ನನ್ನ ರೀತಿ: 15/8. ಬಸ್ಸು ಅಲ್ಲಾಡಿದ್ದಕ್ಕೆ ಪೆನ್ನು ಜಾರಿ ತಪ್ಪಾಗಿರಬಹುದು ಎಂದು ಮತ್ತೆ ಮಾಡಿದೆ. ಬಸ್ಸಿನ ತಪ್ಪೇನೂ ಇರಲಿಲ್ಲ.

ಹನ್ನೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ತಲೆಕೆಳಗು ಮಾಡಿ ಗುಣಿಸಿ ಎಂದು ಎಷ್ಟು ಸಾವಿರ ಸಲ ಹೇಳಿದ್ದೇನೋ. ಯಾಕೆ ಎಂದು ಒಮ್ಮೆಯಾದರೂ ಕೇಳಿಕೊಂಡಿದ್ದೆನಾ? ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು: ಮೂರನೇ ಚಾರ್ಟ್ ತೋರಿಸದಿದ್ದರೆ ಯಾರಿಗೆ ಗೊತ್ತಾಗುತ್ತದೆ?

ಸಭೆ ನಡೆಯುವ ಕೋಣೆಯಲ್ಲಿ ಮಡಚುವ ಕುರ್ಚಿಗಳು, ಹಾಲಿನ ವಾಸನೆಯ ಟೀ, ಸುಮಾರು ನಲವತ್ತು ಜನ. ಬಾಗಿಲ ಹೊರಗೇ ಮೂರನೇ ಚಾರ್ಟನ್ನು ಸುರುಳಿಯಿಂದ ಎಳೆದು ಚೀಲಕ್ಕೆ ತುರುಕಿದೆ. ಮೊದಲ ವಾಕ್ಯವೇ ಎರಡು ಸಲ ತಡವರಿಸಿತು. ಒಂದನೇ ಚಾರ್ಟ್ ತೂಗುಹಾಕಿದೆ, ಎಲ್ಲರೂ ಎರಡು ನಿಮಿಷ ಮಾಡಿ ನೋಡಿ ತಲೆಯಾಡಿಸಿದರು. ಎರಡನೆಯದೂ ದಾಟಿತು. ಜೀವಕ್ಕೆ ಜೀವ ಬಂದು, ಮುಂದಿನ ಚಾರ್ಟ್ ಹಾಕಿದೆ.

"ಮೇಡಂ," ಎಂದಿತು ಮುಂದಿನ ಸಾಲಿನಿಂದ ಒಂದು ದನಿ. "ಎರಡಾದ ಮೇಲೆ ನಾಲ್ಕು ಬಂತಲ್ಲ?"

ಗಣಿತದ ನಲವತ್ತು ಮೇಷ್ಟರುಗಳ ಮುಂದೆ ನಂಬರ್ ಹಾಕಿದ ಚಾರ್ಟಿನಲ್ಲಿ ಒಂದನ್ನು ಹಾರಿಸಲು ಹೋದ ನನ್ನ ಜಾಣತನಕ್ಕೆ ಏನು ಹೇಳುವುದು? ಬೇರೆ ಯಾವ ಸಂಘವಾದರೂ ಗಮನಿಸದೆ ಬಿಡುತ್ತಿತ್ತು.

"ಮರೆತು ಬಂದಿರಾ?" ಎಂದರು ಗಡಿಯಾರ ಸರ್.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದೂ ತೆರೆದೆ. ಆದರೆ ಬಾಗಿಲಲ್ಲಿ ನಿಂತಿದ್ದ ಆ ತಾಯಿ, ಇಸ್ತ್ರಿಯ ಬಿಸಿಗೆ ಕೆಂಪಾಗಿದ್ದ ಅವರ ಕೈ ಕಣ್ಣಿಗೆ ಕಟ್ಟಿತು. ಚೀಲದಿಂದ ಚಾರ್ಟ್ ತೆಗೆದೆ. ಮುದುಡಿಹೋಗಿತ್ತು. ಅಂಗೈಯಿಂದ ಸವರಿ ಸರಿಮಾಡಿ ತೂಗುಹಾಕಿದೆ.

"ಇದು ತಪ್ಪು ಅಂತ ಬರೆದಿದೀನಿ," ಎಂದೆ. "ನೀವು ಮಾಡಿ ನೋಡಿ."

ಗಡಿಯಾರ ಸರ್ ಮುಳ್ಳು ನೋಡತೊಡಗಿದರು. ಪೆನ್ಸಿಲುಗಳ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ನಿಂತಿತು. ಮತ್ತೆ ಶುರುವಾಯಿತು, ಈ ಸಲ ಇನ್ನೂ ಜೋರಾಗಿ. ಯಾರೂ ತಲೆ ಎತ್ತಲಿಲ್ಲ.

"ಅಂಕಿ ಬೇಡ ಅಂತ ಅಕ್ಷರ ಇಟ್ಟು ಮಾಡಿದೆ," ಎಂದರು ಕೊನೆಗೆ ಮುಂದಿನ ಸಾಲಿನ ನಿವೃತ್ತ ಮೇಷ್ಟರು. "ಯಾವಾಗಲೂ ಸರಿ ಬರತ್ತೆ. ಆ ಮಗೂಗೆ ಎಷ್ಟು ಕೊಟ್ರಿ?"

"ಸೊನ್ನೆ."

ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಗಡಿಯಾರ ಸರ್ ತಮ್ಮ ಕಾಗದವನ್ನೇ ನೋಡುತ್ತಾ, "ನಾನೂ ಕೊಟ್ಟಿದೀನಿ," ಎಂದರು. "ಎಷ್ಟು ಜನಕ್ಕೋ." ಗಡಿಯಾರವನ್ನು ಕೈಗೆ ಕಟ್ಟಿಕೊಳ್ಳುವುದನ್ನೂ ಮರೆತು ಆ ದಿನ ಸಭೆ ಮುಗಿಸಿದರು.

ಸೋಮವಾರ ಬೇಗನೆ ಹೋದೆ. ಪಟ್ಟಿಯಿಂದ ಆ ಹುಡುಗಿಯ ಹೆಸರು ತೆಗೆದು, ಪ್ರಾರ್ಥನೆಯ ಬೆಲ್ಲಿಗೂ ಮುಂಚೆ ಅವಳನ್ನು ತರಗತಿಗೆ ಕರೆದೆ. ನೋಟ್‌ಬುಕ್ ಕೊಡು, ಹತ್ತಕ್ಕೆ ಹತ್ತು ಹಾಕಬೇಕು ಎಂದೆ. ಅವಳು ಹೆದರುತ್ತಲೇ ತೆರೆದು ತೋರಿಸಿದಳು. ಹಳೆಯ ಐದು ಲೆಕ್ಕಗಳನ್ನೂ ಕಾಗದ ತೆಳ್ಳಗಾಗುವಷ್ಟು ರಬ್ಬರಿನಿಂದ ಉಜ್ಜಿ ಅಳಿಸಿದ್ದಳು. ಅದರ ಮೇಲೆ ನನ್ನ ವಿಧಾನದಲ್ಲಿ, ತಲೆಕೆಳಗು ಮಾಡಿ ಗುಣಿಸಿ, ದುಂಡಗೆ ಬರೆದಿದ್ದಳು. ಅಳಿಸದೆ ಉಳಿದದ್ದು ನನ್ನ ಕೆಂಪು ಅಕ್ಷರ ಮಾತ್ರ.

"ಇನ್ಮೇಲೆ ಸ್ವಂತ ಬುದ್ಧಿ ಓಡಿಸಲ್ಲ ಮೇಡಂ," ಎಂದಳು.

ಚಾಕ್‌ಪೀಸನ್ನು ಅವಳ ಕೈಗೆ ಕೊಟ್ಟು, ಹೋಗಿ ಕಿಟಕಿ ಪಕ್ಕದ ಅವಳ ಜಾಗದಲ್ಲೇ ಕೂತೆ. "ಮೊದಲು ಹೇಗೆ ಮಾಡಿದ್ದೆ, ಹಾಗೆ ಮಾಡಿ ತೋರಿಸು ಪುಟ್ಟಿ. ನಂಗೆ ಹೇಳಿಕೊಡು."

ಅವಳು ಬೋರ್ಡನ್ನು ನೋಡಿದಳು, ಆಮೇಲೆ ಬಾಗಿಲನ್ನು.

"ತಪ್ಪಾದ್ರೆ ಅಮ್ಮನ್ನ ಕರೆಸ್ತೀರಾ?"

"ಕರೆಸ್ತೀನಿ," ಎಂದೆ. "ಸರಿಯಾದ್ರೂ ಕರೆಸ್ತೀನಿ. ಅವತ್ತು ತಪ್ಪು ಯಾರು ಮಾಡಿದ್ದು ಅಂತ ಅವರಿಗೆ ನಾನೇ ಹೇಳಬೇಕು."

ಅವಳು ಚಾಕ್‌ಪೀಸ್ ಹಿಡಿದು ಬೋರ್ಡಿನ ಹತ್ತಿರ ಹೋದಳು. ಆಮೇಲೆ ಬೋರ್ಡಿನ ಮೂಲೆಯಲ್ಲಿ, ಬೇಕಾದರೆ ಬೇಗ ಅಳಿಸಿಬಿಡಬಹುದಾದಷ್ಟು ಸಣ್ಣದಾಗಿ, 8/15ರ ಎಂಟನ್ನು ಬರೆದಳು.