ನಿರ್ದೇಶಕರ ಕೋಣೆಯ ಮೀಟರು

ಅವಳ ಅಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನರಾಗಿದ್ದರು. ಮೂಲೆಯಲ್ಲೊಂದು ಸಣ್ಣ ಫ್ಯಾನು ಇಟ್ಟುಕೊಂಡದ್ದಕ್ಕೆ ನಿರ್ದೇಶಕ ಅವರನ್ನು ಎಲ್ಲರೆದುರು "ಕರೆಂಟು ಕಳ್ಳ" ಎಂದು ಬೈದು, ವೈರು ಕಿತ್ತು ಬಿಸಾಡಿದ್ದ. ಅಪ್ಪ ಬಗ್ಗಿ ಆ ವೈರನ್ನು ಸುತ್ತಿಟ್ಟುಕೊಂಡರು. ಊಟದ ಡಬ್ಬಿ ಕೊಡಲು ಬಂದಿದ್ದ ಮಗಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದ್ದಳು.

ಹನ್ನೆರಡು ವರ್ಷವಾದ ಮೇಲೆ ಅವಳೀಗ ಸರ್ಕಾರಿ ಕಚೇರಿಗಳ ವಿದ್ಯುತ್ ಬಳಕೆ ತಗ್ಗಿಸುವ ಇಂಜಿನಿಯರ್. ಆ ಕಚೇರಿಯ ಸರದಿ ಬಂದಾಗ ಕೋಣೆಕೋಣೆಗೂ ಮೀಟರು ಹಾಕಿಸಿದಳು. ತಿಂಗಳ ನಂತರ ನೋಡಿದರೆ, ಅದೇ ನಿರ್ದೇಶಕನ ಕೋಣೆಯ ಎರಡು ಎ.ಸಿ.ಗಳು ರಜಾದಿನಗಳಲ್ಲೂ ಖಾಲಿ ಕುರ್ಚಿಯನ್ನು ತಂಪು ಮಾಡುತ್ತಿದ್ದವು.

ಎಲ್ಲ ಇಲಾಖೆಗಳ ಸಭೆಗೆ ಮುಂಚೆ ಆತ ಅವಳನ್ನು ಪಕ್ಕಕ್ಕೆ ಕರೆದ. "ನೋಡಮ್ಮ, ನನ್ನ ಕೋಣೇದು ಒಂದು ಬಿಟ್ಬಿಡಿ. ಮುಂದಿನ ವರ್ಷ ರಿಟೈರ್ ಆಗ್ತೀನಿ."

"ಬಿಡೋಕಾಗಲ್ಲ ಸರ್. ನೀವು ಕರೆಂಟು ಕಳ್ಳ ಅಂದ ಹಳೇ ಜವಾನರ ಮಗಳು ನಾನು."

ಆತನ ಮುಖ ಹುಳ್ಳಗಾಯಿತು. ಸಭೆಯಲ್ಲಿ ಅವಳು ಆ ಕೋಣೆಯ ಅಂಕಿಗಳನ್ನು ನಿಧಾನವಾಗಿ, ಎರಡೆರಡು ಸಲ ಓದಿದಳು. ಮರುದಿನವೇ ಎರಡೂ ಎ.ಸಿ. ಕಳಚಿಸಿದರು.

ಸುದ್ದಿ ಕೇಳಿ ಅಪ್ಪ ಹೇಳಿದರು, "ಪಾಪ, ಇಳಿಬಿಸಿಲು ಬೀಳೋ ಕೋಣೆ ಅದು. ಬೆಂದು ಹೋಗ್ತಾರೆ ಕಣೇ."

"ಬೇಯಲಿ ಬಿಡಿ ಅಪ್ಪ," ಎಂದಳು. ಅವಳಿಗೆ ಎಳ್ಳಷ್ಟೂ ಕನಿಕರ ಹುಟ್ಟಲಿಲ್ಲ.