ಅಕ್ಕನ ಬಲಗಾಲಿನ ಟಿಕ್

ಅಕ್ಕನ ಬಲಗಾಲು ಕೆಳಗಿಳಿದಾಗಲೆಲ್ಲ ಟಿಕ್. ಎಡಗಾಲಿಗೆ ಏನೂ ಇಲ್ಲ. ಮತ್ತೆ ಬಲಗಾಲು, ಮತ್ತೆ ಟಿಕ್. ಸಮತಟ್ಟಾದ ರಸ್ತೆಯಲ್ಲಿ ಸಣ್ಣಗೆ, ಏರಿನಲ್ಲಿ ಜೋರಾಗಿ. ತುಳಿಯುವುದನ್ನು ನಿಲ್ಲಿಸಿದರೆ ಅದೂ ಬಾಯಿ ಮುಚ್ಚಿಕೊಳ್ಳುತ್ತಿತ್ತು.

ನಾನು ಹತ್ತೊಂಬತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುವವಳು. ಅಂಗಡಿ ಕೆಳಗೆ, ಮನೆ ಮೇಲೆ. ಗಿರಾಕಿ ಬಾಗಿಲಿಗೆ ಸೈಕಲ್ ತಳ್ಳಿಕೊಂಡು ಬರುವಷ್ಟರಲ್ಲಿ ಯಾವ ಬೇರಿಂಗ್ ಹೋಗಿದೆ ಎಂದು ಹೇಳಿಬಿಡುತ್ತೇನೆ. ಹೇಳಿ, ಸ್ವಲ್ಪ ಜಂಬವನ್ನೂ ಪಡುತ್ತೇನೆ. ಅಂಥ ನನಗೆ ಸ್ವಂತ ಅಕ್ಕನ ಸೈಕಲ್ಲಿನ ಒಂದು ಟಿಕ್ ಹತ್ತು ದಿನದಿಂದ ಚಳ್ಳೆಹಣ್ಣು ತಿನ್ನಿಸುತ್ತಿತ್ತು.

ಭಾನುವಾರ ಬೆಟ್ಟದ ರಸ್ತೆಯಲ್ಲಿ ಜೋಡಿ ರೇಸ್. ಇಬ್ಬರು ಜೊತೆಯಾಗಿ ಹೊರಟು, ಹದಿನಾಲ್ಕು ಕಿಲೋಮೀಟರ್ ಹತ್ತಿ, ಆಚೆ ಬದಿ ಇಳಿದು ಮುಗಿಸಬೇಕು. ಇಬ್ಬರಲ್ಲಿ ಹಿಂದೆ ಬಂದವರು ಗೆರೆ ದಾಟಿದ ಹೊತ್ತೇ ಇಬ್ಬರ ಲೆಕ್ಕ. ಕಳೆದ ವರ್ಷ ಅದೇ ಇಳಿಜಾರಿನಲ್ಲಿ ಅಕ್ಕ ಬಿದ್ದಳು. ಎಡ ಪೆಡಲ್ ಕಳಚಿ ಕೈಕೊಟ್ಟಿತ್ತು. ಅದನ್ನು ಹಾಕಿದವಳು ನಾನು. ಪೂರ್ತಿ ಬಿಗಿ ಮಾಡದೆ ಬಿಟ್ಟವಳೂ ನಾನೇ. ಎರಡು ದಿನ ಮೊದಲೇ ಅವಳು, "ಏನೋ ಟಿಕ್ ಅಂತಿದೆ ಕಣೇ" ಎಂದಿದ್ದಳು. "ಹೊಸ ಪೆಡಲ್ ಅಲ್ವಾ, ಹಾಗೇ ಸರಿಹೋಗುತ್ತೆ ಬಾ" ಎಂದು ನಾನು ತಳ್ಳಿಹಾಕಿದ್ದೆ.

ಅಕ್ಕ ಹಲ್ಲಿನ ಡಾಕ್ಟರು. ಹೆಗಲಿನ ಮೂಳೆ ಮುರಿದು ಎರಡು ತಿಂಗಳು ಕ್ಲಿನಿಕ್ಕಿಗೆ ಬೀಗ. ಅಷ್ಟಾದರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ನಾನೂ ತಿರುಗಿಸಿ ಬೈದು ಹಗುರಾಗುತ್ತಿದ್ದೆ. ಮೂಳೆ ಕೂಡಿದ ಮೇಲೆ ಹೊಸ ಸೈಕಲ್ ತೆಗೆದುಕೊಂಡಳು, ಆದರೆ ಒಬ್ಬಳೇ ಒಂದು ದಿನವೂ ಓಡಿಸಲಿಲ್ಲ. ದಿನಾ ಬೆಳಿಗ್ಗೆ ನಾನು ಪಕ್ಕದಲ್ಲಿ ಇರಲೇಬೇಕು. ನನ್ನ ಕೆಲಸದ ಮೇಲೆ ಅವಳಿಗೆ ನಂಬಿಕೆ ಹೋಗಿದೆ, ಅದಕ್ಕೇ ಮೆಕ್ಯಾನಿಕ್ ಕೈಗೆ ಸಿಗುವಂತಿರಲಿ ಎನ್ನುತ್ತಾಳೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಟಿಕ್ ಶುರುವಾದ ದಿನ ಅವಳು ರಸ್ತೆಯ ಅಂಚಿಗೆ ಸೈಕಲ್ ನಿಲ್ಲಿಸಿದಳು. ಮುಖ ಬಿಳುಚಿಕೊಂಡಿತ್ತು.

"ಪುಟ್ಟಿ, ಇದನ್ನ ಹುಡುಕು. ಸಿಕ್ಕಿದ್ರೆ ರೇಸಿಗೆ ಬರ್ತೀನಿ. ಸಿಗ್ಲಿಲ್ವಾ, ಈ ಸೈಕಲ್ ಮಾರಿಬಿಡು. ನನಗೆ ಸಾಕು."

ನನಗೀಗ ಮೂವತ್ತೆಂಟು, ಆದರೂ ಅವಳಿಗೆ ನಾನು ಪುಟ್ಟಿಯೇ.

ಅವತ್ತಿನಿಂದ ಬೇಟೆ. ಪೆಡಲ್‌ಗಳನ್ನು ಬಿಚ್ಚಿ, ತಿರುಪಿನ ಸುತ್ತುಗಳಿಗೆ ಗ್ರೀಸ್ ಹಚ್ಚಿ, ಬಿಗಿ ಮಾಡಿ, ಮೂರು ಸಲ ಪರೀಕ್ಷಿಸಿದೆ. ಬೆಳಿಗ್ಗೆ ಇಬ್ಬರೂ ಹೊರಟೆವು. ಟಿಕ್. ಸೀಟಿನ ಕೊಳವೆ ಇರಬಹುದೆಂದು "ಎದ್ದು ನಿಂತು ತುಳಿ" ಎಂದೆ. ಅವಳು ಎದ್ದಳು. ಟಿಕ್ ನಿಲ್ಲಲಿಲ್ಲ. ಶೂ ಇರಬಹುದೇ? "ಬಲಗಾಲು ತೆಗೆದು ಎಡಗಾಲಲ್ಲಿ ಮಾತ್ರ ತುಳಿ" ಎಂದೆ. ಬಲಗಾಲನ್ನು ಗಾಳಿಯಲ್ಲಿ ಇಳಿಬಿಟ್ಟು ಅವಳು ತುಳಿದಳು. ಆಗಲೂ ಬಲಗಾಲಿನ ಸರದಿ ಬಂದಾಗ ಟಿಕ್! ಕಾಲೇ ಇಲ್ಲದ ಕಡೆ ಶಬ್ದ. ನನಗೆ ರೋಮಾಂಚನವೂ ಆಯಿತು, ಸಿಟ್ಟೂ ಬಂತು. ಹಾಗಾದರೆ ಒಳಗಿನ ಬೇರಿಂಗೇ ಎಂದು ಅದನ್ನು ಹೊಸದು ಹಾಕಿದೆ. ಚೈನ್ ಬದಲಾಯಿಸಿದೆ. ಬಾಟಲಿ ಸಿಕ್ಕಿಸುವ ಎರಡು ಸ್ಕ್ರೂಗಳನ್ನೂ ಬಿಡಲಿಲ್ಲ.

ವಿಚಿತ್ರವೆಂದರೆ, ಅಂಗಡಿಯ ಸ್ಟ್ಯಾಂಡಿನ ಮೇಲೆ ಅದು ಮಗುವಿನಷ್ಟು ಸಾಧು. ನಾನೇ ಹತ್ತಿ ಬೀದಿಯ ಕೊನೆತನಕ ಹೋಗಿ ಬಂದರೂ ಉಸಿರಿಲ್ಲ.

"ನೀನೊಬ್ಳೇ ಓಡಿಸು. ನಾನು ಇಲ್ಲಿ ನಿಂತು ಕೇಳ್ತೀನಿ" ಎಂದೆ.

"ಆಗಲ್ಲ. ನೀನು ಪಕ್ಕದಲ್ಲೇ ಬಾ."

"ಅಕ್ಕ, ಐವತ್ತು ಮಾರು ದೂರ ಕಣೇ!"

"ಐದು ಮಾರೂ ಆಗಲ್ಲ ಅಂದ್ನಲ್ಲ."

ಭಾವ ಮೇಷ್ಟ್ರು. ಸೈಕಲ್ಲಿಗೆ ಎರಡು ಚಕ್ರ ಎನ್ನುವುದರ ಆಚೆ ಅವರಿಗೆ ಏನೂ ಗೊತ್ತಿಲ್ಲ. ದಿನಾ ಸಂಜೆ ಬಂದು, "ಎಲ್ಲಕ್ಕೂ ಎಣ್ಣೆ ಬಿಟ್ಟು ನೋಡಿದ್ಯೇನಮ್ಮ?" ಎನ್ನುತ್ತಿದ್ದರು. ಐದನೆಯ ದಿನ, "ಭಾವ, ನಿಮ್ಮ ಬಾಯಿಗೇ ಎರಡು ತೊಟ್ಟು ಬಿಡ್ತೀನಿ ನೋಡಿ" ಎಂದುಬಿಟ್ಟೆ. ಪಾಪ, ನಕ್ಕುಬಿಟ್ಟರು.

ಭಾನುವಾರ ಬಂದೇಬಿಟ್ಟಿತು. ಕೊನೆಗೆ ಸೀಟನ್ನೇ ಬದಲಾಯಿಸಿ, "ಹೊರಡುವ ಜಾಗದವರೆಗಾದರೂ ಬಾ, ಶಬ್ದ ಬಂದರೆ ವಾಪಸು" ಎಂದು ಅಕ್ಕನನ್ನು ಹೊರಡಿಸಿದೆ. ಏಳೂವರೆಗೆ ರೇಸ್. ಆರೂಕಾಲಿಗೆ ಊರಿನ ಕೊನೆಯ ಸೇತುವೆ ದಾಟಿ ಮೊದಲ ಏರು ಹತ್ತಿದೆವು. ಟಿಕ್. ಟಿಕ್. ಹಿಂದೆಂದಿಗಿಂತ ಜೋರಾಗಿ, ನನ್ನ ಕಿವಿಯ ಬುಡದಲ್ಲೇ ಹೊಡೆದ ಹಾಗೆ.

ಅಕ್ಕ ಇಳಿದಳು. ಸೈಕಲ್ಲನ್ನು ತಡೆಗಂಬಕ್ಕೆ ಒರಗಿಸಿ ಹೆಲ್ಮೆಟ್ ಬಿಚ್ಚತೊಡಗಿದಳು.

"ಆಯ್ತು ಬಿಡು ಪುಟ್ಟಿ. ಮನೆಗೆ ಹೋಗೋಣ."

"ಏನು ಆಯ್ತು? ಹತ್ತು ದಿನದಿಂದ ಊಟ ನಿದ್ದೆ ಬಿಟ್ಟು ಬಿಚ್ತಿದೀನಿ! ಇನ್ನೇನು ಉಳಿದಿದೆ ಬಿಚ್ಚೋಕೆ? ನಿನ್ನನ್ನೇ ಬಿಚ್ಬೇಕಷ್ಟೆ!" ನನಗೆ ಅಳು ನುಗ್ಗಿ ಬಂತು. ಅಳು ಬಂದಾಗ ನಾನು ಕೂಗಾಡುವವಳು. "ಎಲ್ಲಾ ಕಡೆ ನೋಡಿದೀನಿ, ನಿನ್ನ ಸೈಕಲ್‌ನಲ್ಲಿ ಏನೂ ಇಲ್ಲ!"

ಅಕ್ಕನ ಕೈ ಹೆಲ್ಮೆಟ್ಟಿನ ಪಟ್ಟಿಯ ಮೇಲೇ ನಿಂತಿತು.

"ಏನಂದೆ?"

"ಏನೂ ಇಲ್ಲ ಅಂದೆ!"

"ನನ್ನ ಹತ್ರ ಬರೋರು ಮೇಲಿನ ಹಲ್ಲು ತೋರಿಸಿ ಇದೇ ನೋವು ಅಂತ ಆಣೆ ಇಡ್ತಾರೆ" ಎಂದಳು ನಿಧಾನವಾಗಿ. "ಎಕ್ಸ್‌ರೇ ತೆಗೆದ್ರೆ ಆ ಹಲ್ಲು ಗಟ್ಟಿಮುಟ್ಟಾಗಿರುತ್ತೆ. ಹಾಳಾಗಿರೋದು ಕೆಳಗಿನದು. ಸೈಕಲ್ ಹತ್ತು ಪುಟ್ಟಿ."

"ಎಲ್ಲಿಗೆ?"

"ಹತ್ತೇ ಸುಮ್ನೆ! ನನ್ನ ಪಕ್ಕದಲ್ಲಿ ಬಾ. ನಾನು ಹೇಳಿದಾಗ ಕಾಲು ನಿಲ್ಸು. ನಾನು ಮಾತ್ರ ತುಳೀತೀನಿ."

ಸಮ ರಸ್ತೆಗೆ ತಿರುಗಿ ಇಬ್ಬರೂ ವೇಗ ಹಿಡಿದೆವು. ಟಿಕ್, ಟಿಕ್. "ನಿಲ್ಸು!" ಎಂದಳು. ನಾನು ಕಾಲು ನಿಲ್ಲಿಸಿದೆ. ಅಕ್ಕ ತುಳಿಯುತ್ತಲೇ ಇದ್ದಳು. ಬಲ, ಎಡ, ಬಲ, ಎಡ. ಸದ್ದೇ ಇಲ್ಲ. ಟಯರು ರಸ್ತೆಗೆ ಉಜ್ಜುವ ಸದ್ದು ಬಿಟ್ಟರೆ ಏನೂ ಇಲ್ಲ.

"ಈಗ ನೀನು!" ಎಂದು ಅವಳು ಕಾಲು ನಿಲ್ಲಿಸಿದಳು.

ನಾನು ತುಳಿದೆ. ಟಿಕ್.

ಹತ್ತು ದಿನ ಅವಳ ಸೈಕಲ್ಲನ್ನು ಮೂಳೆ ಮೂಳೆ ಬಿಡಿಸಿ ಇಟ್ಟಿದ್ದೆ. ನನ್ನದಕ್ಕೆ ಒಂದು ಬಟ್ಟೆ ಕೂಡ ಸೋಕಿಸಿರಲಿಲ್ಲ.

ಇದು ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಆಗುವ ಎಡವಟ್ಟಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿದ್ದದ್ದು ಒಂದೇ ಸೈಕಲ್. ಅಕ್ಕ ಸೀಟಿನ ಮೇಲೆ, ನಾನು ಹಿಂದಿನ ಕ್ಯಾರಿಯರ್ ಮೇಲೆ. ಏರು ಬಂದರೆ ನಾನು ಹಿಂದಿನಿಂದ ಕಾಲು ಚಾಚಿ ಅವಳ ಪಾದದ ಮೇಲೆ ನನ್ನ ಪಾದ ಇಟ್ಟು ಒತ್ತುತ್ತಿದ್ದೆ. ಆರು ವರ್ಷ ಹಾಗೆಯೇ ಶಾಲೆಗೆ ಹೋದೆವು. ಈಗ ಸೈಕಲ್ ಎರಡಾದರೂ ಕಾಲಿನ ಲಯ ಒಂದೇ. ಅವಳು ಗೇರ್ ಬದಲಾಯಿಸಿದರೆ ನನ್ನ ಬೆರಳೂ ಹೋಗುತ್ತದೆ, ಅವಳು ಎದ್ದರೆ ನಾನೂ ಏಳುತ್ತೇನೆ, ಅವಳು ನಿಂತರೆ ನಾನೂ ನಿಲ್ಲುತ್ತೇನೆ. ಅವಳ ಬಲಗಾಲು ಇಳಿಯುವ ಕ್ಷಣದಲ್ಲೇ ನನ್ನದೂ ಇಳಿಯುತ್ತಿತ್ತು. ಅವಳ ಸೈಕಲ್ ಹತ್ತಿದಾಗ ಸದ್ದು ಬಾರದಿದ್ದದ್ದು ಯಾಕೆಂದರೆ, ನನ್ನದು ಆಗ ಗೋಡೆಗೆ ಒರಗಿ ನಿಂತಿತ್ತು. ಎಷ್ಟು ದೊಡ್ಡ ಪೆದ್ದಿ ನಾನು!

ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತು. ಅಕ್ಕ ನಗಲಿಲ್ಲ. ಬೆನ್ನ ಹಿಂದಿನ ಚೀಲದಿಂದ ಕ್ಲಿನಿಕ್ಕಿನ ಪುಟ್ಟ ಕನ್ನಡಿ, ಕೊಕ್ಕೆಯ ಸೂಜಿ ತೆಗೆದಳು. ರೇಸಿಗೆ ಬರುವಾಗ ಅವನ್ನೂ ಹೊತ್ತು ತರುತ್ತಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ರಸ್ತೆಯ ಮೇಲೆ ಮಂಡಿಯೂರಿ ನನ್ನ ಕ್ರ್ಯಾಂಕಿನ ಹಿಂದೆ ಕನ್ನಡಿ ಹಿಡಿದಳು. ಕ್ರ್ಯಾಂಕ್ ಎಂದರೆ ಪೆಡಲನ್ನು ಹಿಡಿದಿರುವ ಲೋಹದ ತೋಳು. ಸೂಜಿಯನ್ನು ಅದರ ಮೇಲೆ ಮೆಲ್ಲಗೆ ಎಳೆದಳು. ಪೆಡಲಿನ ತೂತಿನ ಪಕ್ಕದಲ್ಲಿ ಸೂಜಿ ಚಕ್ಕನೆ ಸಿಕ್ಕಿಕೊಂಡಿತು.

"ಬಿರುಕು" ಎಂದಳು. "ಅರ್ಧದವರೆಗೂ ಹೋಗಿದೆ. ನೋಡು."

ಕನ್ನಡಿಯೊಳಗೆ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಿತು. ಇಳಿಜಾರಿನಲ್ಲಿ ಎದ್ದು ನಿಂತು ತುಳಿದಿದ್ದರೆ ಆ ಲೋಹದ ತೋಳು ಮುರಿದು, ನಾನು ಎಲ್ಲಿರುತ್ತಿದ್ದೆನೋ. ನನ್ನ ನಗು ನಿಂತಿತು. ಅಕ್ಕನ ಕಣ್ಣು ತುಂಬಿತ್ತು, ಆದರೆ ಮುಖ ಅರಳಿತ್ತು.

"ಸಿಕ್ತಲ್ಲೇ! ಟೈಮೆಷ್ಟು?"

"ಆರೂವರೆ. ಬರ್ತೀಯಾ?"

"ಸಿಕ್ಕಿದ್ರೆ ಬರ್ತೀನಿ ಅಂದಿದ್ನಲ್ಲ! ನಿಮ್ಮ ಭಾವಂಗೆ ಫೋನ್ ಮಾಡು!"

ಅಕ್ಕ ಬಿದ್ದ ಹಳೆಯ ಸೈಕಲ್ಲಿನ ಬಲ ಕ್ರ್ಯಾಂಕ್ ನನ್ನ ಅಂಗಡಿಯ ಗೋಡೆಯಲ್ಲಿ ನೇತಾಡುತ್ತಿತ್ತು. ನನ್ನದೇ ಅಳತೆಯದು. ಎಡಗಡೆಯದು ಅವತ್ತೇ ಹಾಳಾಗಿತ್ತು, ಇದು ಸರಿಯಾಗಿತ್ತು. ಫೋನಿನಲ್ಲಿ ಭಾವ, "ಗೋಡೆ ತುಂಬ ಏನೇನೋ ಇದೆಯಲ್ಲಮ್ಮ, ಯಾವುದು?" ಎಂದು ಪರದಾಡಿದರು.

"ಹಲ್ಲಿನ ಚಕ್ರ ಇರೋದು ಭಾವ! ಹಲ್ಲಿನ ಡಾಕ್ಟರ್ ಗಂಡನಿಗೆ ಹಲ್ಲು ಯಾವುದು ಅಂತ ಹೇಳ್ಕೊಡ್ಬೇಕಾ? ಟೂಲ್ ಡಬ್ಬಿನೂ ತನ್ನಿ!"

ಏಳಕ್ಕೆ ಐದು ನಿಮಿಷ ಇರುವಾಗ ಭಾವನ ಕಾರು ಬಂತು. ಒಂದರ ಬದಲು ಮೂರು ಕ್ರ್ಯಾಂಕ್ ತಂದಿದ್ದರು, ಜೊತೆಗೆ ಎಣ್ಣೆಯ ಡಬ್ಬಿ. ನಾನು ರಸ್ತೆಯಲ್ಲೇ ಕೂತೆ. ಬಿರುಕು ಬಿಟ್ಟದ್ದನ್ನು ಎಳೆದೆ, ಗೋಡೆಯದನ್ನು ನುಗ್ಗಿಸಿದೆ, ಎಡ ಕ್ರ್ಯಾಂಕನ್ನು ಮತ್ತೆ ಕೂರಿಸಿ ಬೋಲ್ಟ್ ಬಿಗಿ ಮಾಡಿದೆ, ಚೈನ್ ಏರಿಸಿದೆ. ಹಿಂದಿನ ಗೇರು ಸರಿ ಮಾಡಿ ಏಳುವಷ್ಟರಲ್ಲಿ ಅಕ್ಕ ನನ್ನ ಬಲ ಪೆಡಲನ್ನು ಕೂರಿಸಿ ಸ್ಪ್ಯಾನರ್ ತಿರುಗಿಸುತ್ತಿದ್ದಳು. ಹಲ್ಲು ಕೀಳುವ ಕೈ, ಮೊಣಕೈಯವರೆಗೆ ನರ ಉಬ್ಬಿತ್ತು.

"ಏಳೂ ಹದಿನೆಂಟು! ನಡೀರಿ, ನಡೀರಿ!" ಎಂದು ಭಾವ ಕುಣಿಯುತ್ತಿದ್ದರು.

ನಾನು ಅಭ್ಯಾಸಬಲದಿಂದ ಸ್ಪ್ಯಾನರಿಗೆ ಕೈ ಚಾಚಿದೆ. "ಕೊಡು, ಒಂದ್ಸಲ ನೋಡ್ತೀನಿ."

ಅಕ್ಕ ಅದನ್ನು ಬೆನ್ನ ಹಿಂದೆ ಹಿಡಿದಳು.

"ಬಿದ್ದು ಎದ್ದ ಮೇಲೂ ನೀನು ಹಾಕಿದ ಪೆಡಲ್ ಮೇಲೇ ಕಾಲಿಟ್ಟಿದೀನಿ. ಒಂದಿನಾದ್ರೂ ಮುಟ್ಟಿ ನೋಡಿದೀನಾ?"

"ಮತ್ತೆ... ಒಬ್ಬಳೇ ಯಾಕೆ ಓಡಿಸ್ತಿರ್ಲಿಲ್ಲ?"

"ಭಯ ಕಣೇ. ನಿನ್ನ ಕೆಲಸದ್ದಲ್ಲ, ರಸ್ತೇದು. ನೀನು ಪಕ್ಕದಲ್ಲಿದ್ರೆ ಕಾಲು ತಾನಾಗೇ ಆಡುತ್ತೆ."

ಇಡೀ ವರ್ಷ ನಾನು ಹೊತ್ತಿದ್ದ ಹೊರೆಯನ್ನು ಅವಳು ಎರಡು ಮಾತಿನಲ್ಲಿ ಇಳಿಸಿಬಿಟ್ಟಳು. ನಾನು ಮೂಗೊರೆಸಿಕೊಂಡು ಸೈಕಲ್ ಹತ್ತಿದೆ.

ನಮ್ಮ ನಂಬರ್ ಎರಡನೇ ಸಲ ಕೂಗುವಾಗ ಹೊರಡುವ ಗೆರೆ ತಲುಪಿದೆವು. ಕೈಗೆಲ್ಲ ಮಸಿ, ಮೊಣಕಾಲಿಗೆ ಗ್ರೀಸ್. ಸೀಟಿ ಊದಿದ ಅಜ್ಜ ನಮ್ಮನ್ನು ನೋಡಿ ತಲೆ ಕೊಡವಿದರು. ಹದಿನಾಲ್ಕು ಕಿಲೋಮೀಟರಿನ ಏರು, ನಾಲ್ಕು ಕಾಲು, ಒಂದೇ ಲಯ. ಟಿಕ್ ಇಲ್ಲ. ಇಬ್ಬರ ಏದುಸಿರು ಮಾತ್ರ. ಮುಂದೆ ಹೋಗುತ್ತಿದ್ದ ಎರಡು ಜೋಡಿಗಳನ್ನು ದಾಟಿದಾಗ ಅಕ್ಕ ಕಿರುಚಿದಳು, ನಾನೂ ಕಿರುಚಿದೆ.

ಬೆಟ್ಟದ ತುದಿ ದಾಟಿ ಇಳಿಜಾರು ಶುರುವಾಯಿತು. ಮೂರನೆಯ ತಿರುವಿನಲ್ಲೇ ಅವಳು ಬಿದ್ದದ್ದು. ಅಲ್ಲಿ ಬ್ರೇಕ್ ಹಿಡಿಯುತ್ತಾಳೆ, ಪಕ್ಕದಲ್ಲೇ ಇರಬೇಕೆಂದು ನಾನು ಅವಳ ಕಾಲನ್ನೇ ನೋಡುತ್ತಿದ್ದೆ. ತಿರುವು ಬಂತು. ಅಕ್ಕನ ಕಾಲು ನನ್ನ ಲಯ ಬಿಟ್ಟು ಜೋರಾಗಿ ಎರಡು ಸುತ್ತು ತಿರುಗಿತು. ಮೈ ಬಾಗಿಸಿ, ತಿರುವು ಕೊಯ್ದು, ನನ್ನನ್ನು ಬಿಟ್ಟು ಒಬ್ಬಳೇ ಮುಂದೆ ಹೋಗಿಬಿಟ್ಟಳು. ಹತ್ತು ಮಾರು, ಇಪ್ಪತ್ತು ಮಾರು.

"ಬಾರೇ ಪುಟ್ಟಿ!" ಎಂದು ಕೂಗಿದಳು, ತಿರುಗಿ ನೋಡದೆ.

ಮುಗಿಯುವ ಗೆರೆಗೆ ಇನ್ನು ಅರ್ಧ ಕಿಲೋಮೀಟರ್ ಇತ್ತು. ನನ್ನ ಬಲಗಾಲಿನ ಕೆಳಗೆ ಅಕ್ಕ ಬಿಗಿ ಮಾಡಿದ ಪೆಡಲ್ ಇತ್ತು. ಎದ್ದು ನಿಂತು, ಇಡೀ ಮೈಭಾರ ಅದರ ಮೇಲೆ ಹಾಕಿ ತುಳಿದೆ.